1990ರಲ್ಲಿ ಫೋರ್ಟ್ ವೇನ್ ತನ್ನ ತಂಡವನ್ನು ಉಳಿಸಿಕೊಂಡ ಬಗೆ: ಒಂದು ಐಸ್ ಹಾಕಿ ತಂಡದ ಪ್ರಕರಣ ಅಧ್ಯಯನ

1990ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರು ತನ್ನ ಐಸ್ ಹಾಕಿ ತಂಡವನ್ನು ಕಳೆದುಕೊಂಡಿತು. ತಂಡದ ಹೆಸರು ಕಾಮೆಟ್ಸ್. ಒಂದೇ ಊರಲ್ಲಿ, ಒಂದೇ ಕಟ್ಟಡದಲ್ಲಿ 38 ಸೀಸನ್ ಆಡಿದ ತಂಡ. ಆಗಿನ ಮಾಲೀಕರು ಅದನ್ನು ಸುಮಾರು ಸಾವಿರ ಕಿಲೋಮೀಟರ್ ದೂರದ ಆಲ್ಬನಿಗೆ ಸಾಗಿಸಿದರು. ಆಲ್ಬನಿ ನ್ಯೂಯಾರ್ಕ್ ರಾಜ್ಯದ ರಾಜಧಾನಿ. ಅಲ್ಲಿ ಅದೇ ವರ್ಷ ಹೊಸ ದೊಡ್ಡ ಕ್ರೀಡಾಂಗಣ ಬಾಗಿಲು ತೆರೆದಿತ್ತು.

ಆದರೆ ಚಳಿಗಾಲ ಬರುವಷ್ಟರಲ್ಲಿ ಫೋರ್ಟ್ ವೇನ್‌ನಲ್ಲಿ ಕಾಮೆಟ್ಸ್ ಮತ್ತೆ ಆಡುತ್ತಿತ್ತು. ಅದೇ ಕಟ್ಟಡ, ಅದೇ ಹೆಸರು, ಅದೇ ಲೀಗ್. ಒಂದು ಸೀಸನ್ ಕೂಡ ತಪ್ಪಲಿಲ್ಲ. ಊರು ಬಿಟ್ಟು ಹೋದ ತಂಡವಾದರೋ ಹೊಸ ಊರಿನಲ್ಲಿ ಮೊದಲ ಸೀಸನ್ನನ್ನೇ ಮುಗಿಸಲಿಲ್ಲ.

ತಂಡಗಳು ಊರು ಬದಲಾಯಿಸುವುದು ಅಮೆರಿಕದಲ್ಲಿ ಮಾಮೂಲಿ. ಹೋದ ತಂಡ ಹೋಯಿತು, ಊರಿನವರು ಕೆಲವು ವರ್ಷ ನೆನೆಸಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ನನ್ನ ಪ್ರಶ್ನೆ. ಅದಕ್ಕೆ ಬೆಲೆ ಯಾರು ಕೊಟ್ಟರು ಎನ್ನುವುದು ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ.

ತಂಡ ಅಂದರೆ ಏನು?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಅಮೆರಿಕ ಮತ್ತು ಕೆನಡಾದಲ್ಲಿ ಐಸ್ ಹಾಕಿಯ ತುದಿಯಲ್ಲಿರುವುದು ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್. ಕಾಮೆಟ್ಸ್ ಹುಟ್ಟಿದ ಕಾಲಕ್ಕೆ ಅದರಲ್ಲಿ ಇದ್ದದ್ದು ಬರೀ 6 ತಂಡ. ಈಗ 32. ಅದರ ಕೆಳಗೆ ಹಲವು ಚಿಕ್ಕ ಲೀಗ್‌ಗಳು. ಇವನ್ನು ಮೈನರ್ ಲೀಗ್ ಅನ್ನುತ್ತಾರೆ. ಆಟಗಾರರು ಸಂಬಳಕ್ಕೇ ಆಡುತ್ತಾರೆ, ಆದರೆ ಸಂಬಳ ಚಿಕ್ಕದು. ಟಿವಿಯಿಂದ ಹೇಳಿಕೊಳ್ಳುವಂಥ ದುಡ್ಡು ಬರುವುದಿಲ್ಲ. ತಂಡ ಬದುಕುವುದು ಟಿಕೆಟ್‌ನಿಂದ, ಊರಿನ ಅಂಗಡಿ-ಕಂಪನಿಗಳ ಜಾಹೀರಾತಿನಿಂದ. ಹೊರ ಊರಿನ ಪಂದ್ಯಕ್ಕೆ ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ.

ಈ ಲೀಗ್‌ಗಳಲ್ಲಿ ತಂಡ ಅಂದರೆ ಕಾಗದದ ಲೆಕ್ಕದಲ್ಲಿ ಒಂದು ಹಕ್ಕು. ಇಂಥ ಲೀಗಿನಲ್ಲಿ ಆಡುವ ಹಕ್ಕು. ಅದನ್ನು ಫ್ರಾಂಚೈಸಿ ಅನ್ನುತ್ತಾರೆ. ಅದನ್ನು ಕೊಳ್ಳಬಹುದು, ಮಾರಬಹುದು, ಬೇರೆ ಊರಿಗೆ ಒಯ್ಯಬಹುದು. ಆದರೆ ನೋಡುವವನಿಗೆ ತಂಡ ಅಂದರೆ ಹಕ್ಕುಪತ್ರ ಅಲ್ಲ, ಅಲ್ವಾ? ನಮ್ಮ ಕರಾವಳಿಯ ಯಕ್ಷಗಾನ ಮೇಳಗಳನ್ನು ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಮೇಳ ನಡೆಸುವ ಯಜಮಾನರು ಬದಲಾಗುತ್ತಾರೆ. ಕಲಾವಿದರು ಈ ಮೇಳದಿಂದ ಆ ಮೇಳಕ್ಕೆ ಹೋಗುತ್ತಾರೆ. ಮೇಳದ ಹೆಸರು ಮಾತ್ರ ಕ್ಷೇತ್ರದ್ದು. ಫೋರ್ಟ್ ವೇನ್‌ನಲ್ಲಿ 1990ರಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಹಕ್ಕುಪತ್ರ ಆಲ್ಬನಿಗೆ ಹೋಯಿತು. ಹೆಸರು ಊರಲ್ಲೇ ಉಳಿಯಿತು.

ಸೈನಿಕರ ನೆನಪಿನ ಕಟ್ಟಡ

ಫೋರ್ಟ್ ವೇನ್ ಮೂರು ನದಿಗಳು ಕೂಡುವ ಜಾಗ. ಇಂಡಿಯಾನಾದ ಎರಡನೇ ದೊಡ್ಡ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲೆನ್ ಕೌಂಟಿಯವರು, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಯವರು, ಸತ್ತ ಸೈನಿಕರ ನೆನಪಿಗೆ ಏನಾದರೂ ಕಟ್ಟಬೇಕು ಅಂದುಕೊಂಡರು. ಕಲ್ಲಿನ ಕಂಬ ನಿಲ್ಲಿಸುವ ಬದಲು ಬಳಕೆಗೆ ಬರುವ ಒಂದು ದೊಡ್ಡ ಸಭಾಂಗಣ ಕಟ್ಟಿದರು. 1952ರಲ್ಲಿ ಅಲೆನ್ ಕೌಂಟಿ ವಾರ್ ಮೆಮೋರಿಯಲ್ ಕೊಲಿಸಿಯಂ ತೆರೆಯಿತು. ಅಲ್ಲಿ ಮಂಜುಗಡ್ಡೆಯ ನೆಲ ಇತ್ತು. ಅದೇ ವರ್ಷ ಕಾಮೆಟ್ಸ್ ಹುಟ್ಟಿತು.

ಇಂಗ್ಲಿಷಿನಲ್ಲಿ ಧೂಮಕೇತುವನ್ನು ಹೇಳುವ ಕಾಮೆಟ್ ಪದಕ್ಕೆ ಸಿ ಅಕ್ಷರ ಬರಬೇಕು. ಇವರು ಕೆ ಬರೆದರು. ಮೊದಲ ಜನರಲ್ ಮ್ಯಾನೇಜರ್ ಅರ್ನಿ ಬರ್ಗ್ ಅವರ ಹೆಂಡತಿ ಕ್ಯಾಥರಿನ್ ಹೆಸರಿನ ಮೊದಲ ಅಕ್ಷರ ಕೆ, ಅದಕ್ಕೆ. ಒಂದು ಮನೆಯ ಪ್ರೀತಿ ಊರಿನ ಜೆರ್ಸಿಯ ಮೇಲೆ ಏಳು ದಶಕ ಉಳಿದಿದೆ. ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ವಿವರ ಇದು.

ಅದೇ ಕಟ್ಟಡದಲ್ಲಿ ಆಗ ಇನ್ನೊಂದು ತಂಡವೂ ಇತ್ತು. ಫೋರ್ಟ್ ವೇನ್ ಪಿಸ್ಟನ್ಸ್, ಬ್ಯಾಸ್ಕೆಟ್‌ಬಾಲ್ ತಂಡ. ಅದು ಸಣ್ಣ ತಂಡ ಅಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನ ತುದಿಯ ಲೀಗ್ ಆದ ಎನ್‌ಬಿಎ ತಂಡ. 1955 ಮತ್ತು 1956ರಲ್ಲಿ ಎನ್‌ಬಿಎ ಫೈನಲ್ ಆಡಿದ ತಂಡ. 1955ರ ಫೈನಲ್ ಬಂದಾಗ ಕೊಲಿಸಿಯಂ ಖಾಲಿ ಇರಲಿಲ್ಲ. ಬೌಲಿಂಗ್ ಟೂರ್ನಿಗೆ ಮೊದಲೇ ಬುಕ್ ಆಗಿತ್ತು. ಹಾಗಾಗಿ ಪಿಸ್ಟನ್ಸ್ ತನ್ನ 'ಮನೆ ಪಂದ್ಯ'ಗಳನ್ನು ಇಂಡಿಯಾನಾಪೊಲಿಸ್‌ಗೆ ಹೋಗಿ ಆಡಿತು. 1957ರಲ್ಲಿ ಮಾಲೀಕ ಫ್ರೆಡ್ ಜೋಲ್ನರ್ ತಂಡವನ್ನು ಡೆಟ್ರಾಯ್ಟ್‌ಗೆ ಒಯ್ದರು. ಅದೇ ಇವತ್ತಿನ ಡೆಟ್ರಾಯ್ಟ್ ಪಿಸ್ಟನ್ಸ್.

ಈ ಘಟನೆ ಫೋರ್ಟ್ ವೇನ್‌ಗೆ ಒಂದು ಪಾಠ ಕಲಿಸಿತು ಅನ್ನಿಸುತ್ತದೆ. ದೊಡ್ಡ ಲೀಗಿನ ತಂಡ ದೊಡ್ಡ ಊರನ್ನು ಹುಡುಕಿಕೊಂಡು ಹೋಗುತ್ತದೆ. ಅದನ್ನು ಈ ಗಾತ್ರದ ಊರು ಹಿಡಿದಿಟ್ಟುಕೊಳ್ಳಲಾರದು. ಚಿಕ್ಕ ಲೀಗಿನ ತಂಡವನ್ನು ಹಿಡಿದುಕೊಳ್ಳಬಹುದು. ಪಿಸ್ಟನ್ಸ್ ಹೋದ ಮೇಲೆ ಚಳಿಗಾಲದ ಸಂಜೆಗಳು ಕಾಮೆಟ್ಸ್‌ನದಾದವು.

ರೇಡಿಯೋ ಮತ್ತು ಊರಲ್ಲೇ ನಿಂತ ಆಟಗಾರರು

ಡಬ್ಲ್ಯೂಒಡಬ್ಲ್ಯೂಒ ಎಂಬ ರೇಡಿಯೋ ಕೇಂದ್ರ ಫೋರ್ಟ್ ವೇನ್‌ನದು. ಜನ ಅದನ್ನು 'ವೋವೋ' ಅನ್ನುತ್ತಾರೆ. 50,000 ವ್ಯಾಟ್‌ನ ಶಕ್ತಿ. ರಾತ್ರಿ ಹೊತ್ತು ಅದರ ಧ್ವನಿ ಅಮೆರಿಕದ ಪೂರ್ವ ಭಾಗದ ಎಷ್ಟೋ ರಾಜ್ಯಗಳಿಗೆ ಕೇಳುತ್ತಿತ್ತು. 1953ರಲ್ಲಿ ಬಾಬ್ ಚೇಸ್ ಎಂಬ ಯುವಕ ಆ ಕೇಂದ್ರ ಸೇರಿದರು. ಕಾಮೆಟ್ಸ್ ಪಂದ್ಯಗಳ ವೀಕ್ಷಕ ವಿವರಣೆ ಶುರು ಮಾಡಿದರು. 2016ರ ನವೆಂಬರ್‌ನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರೇ ಕಾಮೆಟ್ಸ್‌ನ ಧ್ವನಿ. 60 ವರ್ಷಕ್ಕೂ ಜಾಸ್ತಿ ಒಂದೇ ತಂಡಕ್ಕೆ ಒಂದೇ ದನಿ.

ನಮ್ಮಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಿಗೆ ಇದರ ಬಲ ಗೊತ್ತು. ಆಟ ಕಣ್ಣಿಗೆ ಕಾಣದಿದ್ದರೂ ದನಿ ಮನೆಯೊಳಗೆ ಬರುತ್ತದೆ. ಆಟಗಾರರು ಬದಲಾಗುತ್ತಲೇ ಇದ್ದರೂ ದನಿ ಅದೇ ಇದ್ದರೆ ತಂಡ ಅದೇ ಅನ್ನಿಸುತ್ತದೆ. ಎನ್‌ಎಚ್‌ಎಲ್‌ನ ಹೆಸರಾಂತ ವೀಕ್ಷಕ ವಿವರಣೆಗಾರ ಮೈಕ್ ಎಮ್ರಿಕ್ ಇಂಡಿಯಾನಾದ ಒಂದು ಸಣ್ಣ ಊರಿನಲ್ಲಿ ಚೇಸ್ ದನಿ ಕೇಳುತ್ತ ಬೆಳೆದವರು. ಅವರು ಕಣ್ಣಾರೆ ನೋಡಿದ ಮೊದಲ ಹಾಕಿ ಪಂದ್ಯ 1960ರಲ್ಲಿ, ಇದೇ ಕೊಲಿಸಿಯಂನಲ್ಲಿ, ಕಾಮೆಟ್ಸ್‌ನದು.

ಆಟಗಾರರ ವಿಷಯ ಇನ್ನೂ ಕುತೂಹಲದ್ದು. ಆ ಕಾಲದ ಆಟಗಾರರು ಹೆಚ್ಚುಕಡಿಮೆ ಎಲ್ಲರೂ ಕೆನಡಾದಿಂದ ಬಂದವರು. ಆಟ ಮುಗಿದ ಮೇಲೆ ವಾಪಸ್ ಹೋಗಬಹುದಿತ್ತು. ಎಷ್ಟೋ ಜನ ಹೋಗಲಿಲ್ಲ. 1952ರ ಮೊದಲ ತಂಡದಲ್ಲಿದ್ದ ಎಡ್ಡಿ ಲಾಂಗ್ ಫೋರ್ಟ್ ವೇನ್‌ನಲ್ಲೇ ಮನೆ ಮಾಡಿದರು. ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಸಲ ಪಡೆದ ಲೆನ್ ಥಾರ್ನ್‌ಸನ್, ರಕ್ಷಣಾ ಆಟಗಾರ ಲಯನೆಲ್ ರೆಪ್ಕಾ ಕೂಡ ಅಲ್ಲೇ ನಿಂತರು. ಮದುವೆ, ಮಕ್ಕಳು, ಕೆಲಸ, ಎಲ್ಲ ಅಲ್ಲೇ. ನಿನ್ನೆ ರಾತ್ರಿ ಗೋಲು ಹೊಡೆದವನು ಹತ್ತು ವರ್ಷದ ನಂತರ ನಿಮ್ಮ ಬೀದಿಯವನಾಗಿರುತ್ತಾನೆ.

ಗೋಲ್‌ಕೀಪರ್ ರಾಬಿ ಐರನ್ಸ್ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1968ರ ನವೆಂಬರ್ 13ರಂದು ಅವರು ಎನ್‌ಎಚ್‌ಎಲ್‌ನ ಸೇಂಟ್ ಲೂಯಿಸ್ ಬ್ಲೂಸ್ ತಂಡದ ಬದಲಿ ಗೋಲ್‌ಕೀಪರ್ ಆಗಿ ನ್ಯೂಯಾರ್ಕ್‌ನಲ್ಲಿ ಕೂತಿದ್ದರು. ಮುಖ್ಯ ಗೋಲ್‌ಕೀಪರ್ ಗ್ಲೆನ್ ಹಾಲ್ ರೆಫರಿಯ ಜೊತೆ ಜಗಳಕ್ಕೆ ಬಿದ್ದು ಹೊರಹಾಕಿಸಿಕೊಂಡರು. ಐರನ್ಸ್ ಒಳಗೆ ಹೋದರು. ಅಷ್ಟರಲ್ಲಿ ಹಿರಿಯ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಬಟ್ಟೆ ಹಾಕಿಕೊಂಡು ಸಿದ್ಧರಾದರು. ಐರನ್ಸ್ ಆಡಿದ್ದು ಬರೀ 3 ನಿಮಿಷ. ಆಮೇಲೆ ಅವರಿಗೆ ಎನ್‌ಎಚ್‌ಎಲ್‌ನಲ್ಲಿ ಮತ್ತೆ ಅವಕಾಶ ಸಿಗಲಿಲ್ಲ. ದೊಡ್ಡ ಲೀಗಿನ ಲೆಕ್ಕದಲ್ಲಿ ಅವರು ಒಂದು ಸಾಲಿನ ದಾಖಲೆ. ಫೋರ್ಟ್ ವೇನ್‌ನಲ್ಲಿ ಅವರು ವರ್ಷಗಟ್ಟಲೆ ಗೋಲು ಕಾದವರು. ಆಮೇಲೆ ಬಾಬ್ ಚೇಸ್ ಪಕ್ಕದಲ್ಲಿ ಮೈಕ್ ಹಿಡಿದು ಕೂತವರು. ಊರಿನ ಮನುಷ್ಯ.

ಈ ಮೂರು ದಶಕಗಳಲ್ಲಿ ತಂಡ 1963, 1965 ಮತ್ತು 1973ರಲ್ಲಿ ಟರ್ನರ್ ಕಪ್ ಗೆದ್ದಿತು. ಅದು ಅವರು ಆಡುತ್ತಿದ್ದ ಇಂಟರ್‌ನ್ಯಾಷನಲ್ ಹಾಕಿ ಲೀಗಿನ ಕಪ್. 1945ರಲ್ಲಿ ಡೆಟ್ರಾಯ್ಟ್ ಮತ್ತು ನದಿಯಾಚೆಯ ವಿಂಡ್ಸರ್‌ನ 4 ತಂಡಗಳಿಂದ ಶುರುವಾದ ಲೀಗ್ ಅದು. ಟೊಲೀಡೊ, ಮಸ್ಕೀಗನ್, ಪೋರ್ಟ್ ಹ್ಯೂರಾನ್, ಕಲಮಜೂ ಥರದ ಕಾರ್ಖಾನೆ ಊರುಗಳು. ಎಲ್ಲ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಕೆನ್ ಉಲ್ಯಟ್ ಮತ್ತು ಕಾಲಿನ್ ಲಿಸ್ಟರ್ 1958ರಿಂದ ತಂಡವನ್ನು ನಡೆಸಿದರು. ಒಬ್ಬರು ಆಟ ನೋಡಿಕೊಂಡರು, ಇನ್ನೊಬ್ಬರು ವ್ಯವಹಾರ.

ಹೊಡೆತ ಬಿದ್ದ ದಶಕ

1982ರ ಮಾರ್ಚ್‌ನಲ್ಲಿ ಮೂರೂ ನದಿಗಳು ಉಕ್ಕಿದವು. ಸಾವಿರಾರು ಜನ ಮನೆ ಬಿಟ್ಟರು. ಶಾಲೆ ಮಕ್ಕಳು, ಕಾರ್ಖಾನೆಯವರು, ಯಾರು ಸಿಕ್ಕರೆ ಅವರು ಸಾಲುಗಟ್ಟಿ ನಿಂತು ಮರಳಿನ ಚೀಲ ತುಂಬಿ ಒಡ್ಡು ಕಟ್ಟಿದರು. ಅಧ್ಯಕ್ಷ ರೇಗನ್ ಬಂದು ಚೀಲ ತುಂಬಲು ಕೈ ಹಾಕಿದರು. ಅಂದಿನಿಂದ ಫೋರ್ಟ್ ವೇನ್‌ಗೆ 'ತನ್ನನ್ನು ತಾನೇ ಉಳಿಸಿಕೊಂಡ ಊರು' ಎಂಬ ಹೆಸರು.

ಮರುವರ್ಷ ಬಿದ್ದ ಹೊಡೆತವನ್ನು ಮರಳಿನ ಚೀಲದಿಂದ ತಡೆಯಲಾಗಲಿಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಲಾರಿ ಕಾರ್ಖಾನೆ 1983ರಲ್ಲಿ ಮುಚ್ಚಿತು. ಒಂದು ಕಾಲದಲ್ಲಿ ಅಲ್ಲಿ 10,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅವರೇ ಶನಿವಾರ ರಾತ್ರಿ ಟಿಕೆಟ್ ಕೊಳ್ಳುತ್ತಿದ್ದವರು. ಕೆಲಸ ಹೋದವನು ಮೊದಲು ಬಿಡುವುದು ಇಂಥ ಖರ್ಚನ್ನೇ. ಇದರ ಮಧ್ಯೆ ಉಲ್ಯಟ್-ಲಿಸ್ಟರ್ ಕಾಲ ಮುಗಿದು ತಂಡದ ಮಾಲೀಕತ್ವವೂ ಕೈ ಬದಲಾಯಿಸಿತು. ದಶಕದ ಕೊನೆಯ ಹೊತ್ತಿಗೆ ತಂಡಕ್ಕೆ ಹೆಸರಿತ್ತು, ಜನರೂ ಇದ್ದರು, ಆದರೆ ಲೆಕ್ಕ ಕೂಡಿ ಬರುತ್ತಿರಲಿಲ್ಲ. ಹೀಗಿರುವಾಗ 1990 ಬಂತು.

1990

ಮಾಲೀಕರು ಆಲ್ಬನಿಗೆ ಹೊರಟದ್ದನ್ನು ದ್ರೋಹ ಎಂದು ಕರೆಯುವುದು ಸುಲಭ. ನಾನು ಹಾಗೆ ಕರೆಯಲಾರೆ. ಫ್ರಾಂಚೈಸಿ ಅವರದು. ನಷ್ಟವೂ ಅವರದು. ಹೊಸ ಕ್ರೀಡಾಂಗಣ, ದೊಡ್ಡ ಪ್ರದೇಶ ಕಂಡಾಗ ಹೋಗಬೇಕು ಅನ್ನಿಸುವುದು ಸಹಜ. ಆದರೆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿತ್ತು. ಆಲ್ಬನಿ ಪಕ್ಕದ ಟ್ರಾಯ್ ಎಂಬ ಊರಿಗೆ ಅದೇ ಹೊತ್ತಿಗೆ ಅಮೆರಿಕನ್ ಹಾಕಿ ಲೀಗ್ ಎಂಬ ಇನ್ನೊಂದು ಮೈನರ್ ಲೀಗಿನ ತಂಡ ಬಂದಿತ್ತು. ಒಂದೇ ಪ್ರದೇಶದಲ್ಲಿ ಎರಡು ಹೊಸ ಹಾಕಿ ತಂಡ. ಆಲ್ಬನಿ ಚಾಪರ್ಸ್ ಎಂಬ ಹೆಸರು ಪಡೆದ ಹಳೆ ಕಾಮೆಟ್ಸ್‌ಗೆ ಅಲ್ಲಿ ಯಾರ ನೆನಪಿನಲ್ಲೂ ಜಾಗ ಇರಲಿಲ್ಲ. 38 ವರ್ಷದ ಇತಿಹಾಸ ಆ ಊರಿನವರಿಗೆ ಏನೂ ಅಲ್ಲ. ಅಂಥ ಇತಿಹಾಸವನ್ನು ಲಾರಿಗೆ ತುಂಬಿ ಒಯ್ಯಲು ಬರುವುದಿಲ್ಲ. 1991ರ ಫೆಬ್ರುವರಿಯಲ್ಲಿ, ಸೀಸನ್ ಇನ್ನೂ ನಡೆಯುತ್ತಿರುವಾಗಲೇ, ಚಾಪರ್ಸ್ ಬಾಗಿಲು ಹಾಕಿತು.

ಇತ್ತ ಫೋರ್ಟ್ ವೇನ್‌ನಲ್ಲಿ ಫ್ರಾಂಕಿ ಎಂಬ ಕುಟುಂಬ ಇತ್ತು. ಅಣ್ಣತಮ್ಮಂದಿರು. ಊರಿನವರೇ, ಕಾಮೆಟ್ಸ್ ಪಂದ್ಯಗಳನ್ನು ನೋಡಿ ಬೆಳೆದವರು. ಲೀಗಿನಲ್ಲಿ ಹೊಸ ಜಾಗ ಕೇಳುವುದಕ್ಕಿಂತ ಇರುವ ಜಾಗ ಕೊಳ್ಳುವುದು ಬೇಗ ಆಗುವ ಕೆಲಸ. ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಅದೇ ಲೀಗಿನ ಫ್ಲಿಂಟ್ ಸ್ಪಿರಿಟ್ಸ್ ಎಂಬ ತಂಡ ಇತ್ತು. ಅವರು ಅದನ್ನು ಕೊಂಡರು. ಫೋರ್ಟ್ ವೇನ್‌ಗೆ ತಂದರು. ಅದಕ್ಕೆ ಕಾಮೆಟ್ಸ್ ಎಂದು ಹೆಸರಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಾನೂನಿನ ಪ್ರಕಾರ ಇದು ಫ್ಲಿಂಟ್‌ನ ತಂಡ. ನಿಜವಾದ ಕಾಮೆಟ್ಸ್ ಆಲ್ಬನಿಯಲ್ಲಿದೆ. ಆದರೆ ಕೊಲಿಸಿಯಂಗೆ ಬಂದವರು ಹಾಗೆ ನೋಡಲೇ ಇಲ್ಲ. ಅದೇ ಕೇಸರಿ-ಕಪ್ಪು ಬಟ್ಟೆ, ಅದೇ ಕೆ ಅಕ್ಷರ. ಕಳೆದ ಸೀಸನ್ನಿನ ಕೋಚ್ ಆಲ್ ಸಿಮ್ಸ್ ಅವರೇ ಮತ್ತೆ ಬೆಂಚಿನ ಹಿಂದೆ ನಿಂತಿದ್ದರು. ರೇಡಿಯೋದಲ್ಲಿ ಬಾಬ್ ಚೇಸ್. ಗೋಡೆಯ ಮೇಲೆ 1963, 65, 73ರ ಬಾವುಟಗಳು. ಇಷ್ಟಿದ್ದ ಮೇಲೆ ಹಕ್ಕುಪತ್ರ ಯಾವ ಊರಿನಿಂದ ಬಂತು ಎಂದು ಕೇಳುವವರು ಯಾರು?

ಆ ಮೊದಲ ಸೀಸನ್ನಿನಲ್ಲೇ ತಂಡ ಟರ್ನರ್ ಕಪ್ ಫೈನಲ್ ತಲುಪಿತು. ಪಿಯೋರಿಯಾ ರಿವರ್‌ಮೆನ್ ಎದುರು ಸೋತಿತು. ಆ ವರ್ಷ ಸತತ 18 ಪಂದ್ಯ ಗೆದ್ದಿದ್ದ ತಂಡ ಪಿಯೋರಿಯಾ. ಸೋಲಿನಲ್ಲಿ ನಾಚಿಕೆ ಇರಲಿಲ್ಲ. 1993ರಲ್ಲಿ ಮಾತ್ರ ಯಾರೂ ನಿರೀಕ್ಷಿಸದ್ದು ಆಯಿತು. ಸಿಮ್ಸ್ ತಂಡ ಪ್ಲೇಆಫ್‌ನಲ್ಲಿ 12 ಪಂದ್ಯ ಆಡಿ 12ನ್ನೂ ಗೆದ್ದಿತು. ಫೈನಲ್‌ನಲ್ಲಿ ಎದುರಿಗಿದ್ದದ್ದು ಸ್ಯಾನ್ ಡಿಯಾಗೊ ಗಲ್ಸ್. ಆ ಸೀಸನ್ನಿನಲ್ಲಿ 82 ಪಂದ್ಯಗಳಲ್ಲಿ 62 ಗೆದ್ದ ತಂಡ. ಅದಕ್ಕೆ ಫೈನಲ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಮೂರು ವರ್ಷದ ಹಿಂದೆ ತಂಡವೇ ಇಲ್ಲದಂತಾಗಿದ್ದ ಊರು 20 ವರ್ಷದ ನಂತರ ಕಪ್ ಎತ್ತಿತು.

ಗೆಲ್ಲುತ್ತಿದ್ದಾಗಲೇ ಬಂದ ಕಷ್ಟ

ಸ್ಯಾನ್ ಡಿಯಾಗೊ ಹೆಸರು ಕೇಳಿ ನಿಮಗೆ ಅನುಮಾನ ಬಂದಿರಬಹುದು. ಬಸ್ಸಿನಲ್ಲಿ ಓಡಾಡುವ ಲೀಗಿನಲ್ಲಿ ಕ್ಯಾಲಿಫೋರ್ನಿಯಾದ ಊರು ಹೇಗೆ ಬಂತು? ಮುಂದಿನ ಕಷ್ಟವೆಲ್ಲ ಇದರಿಂದಲೇ.

1980ರ ದಶಕದ ಕೊನೆಯಿಂದ ಈ ಲೀಗ್ ದೊಡ್ಡದಾಗಬೇಕು ಎಂದು ಹೊರಟಿತು. ಲಾಸ್ ವೇಗಸ್, ಹ್ಯೂಸ್ಟನ್, ಅಟ್ಲಾಂಟಾ, ಚಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ, ಒರ್ಲಾಂಡೊ. ಊರಿನ ಪಟ್ಟಿ ನೋಡಿದರೆ ಎನ್‌ಎಚ್‌ಎಲ್‌ಗೆ ಸವಾಲು ಹಾಕುವ ಲೀಗ್ ಅನ್ನಿಸುತ್ತಿತ್ತು. ಆದರೆ ಟಿವಿ ದುಡ್ಡು ಎನ್‌ಎಚ್‌ಎಲ್‌ನಷ್ಟು ಇರಲಿಲ್ಲ. ಖರ್ಚು ಮಾತ್ರ ಅದರ ಹಾದಿಯಲ್ಲೇ ಏರಿತು. ಬಸ್ಸಿನ ಬದಲು ವಿಮಾನ. ಒಂದೊಂದು ಪ್ರವಾಸಕ್ಕೂ ಹೋಟೆಲ್. ಆಟಗಾರರ ಸಂಬಳವೂ ಮೇಲೆ ಹೋಯಿತು. ಫೋರ್ಟ್ ವೇನ್‌ನಂಥ ಹಳೆ ಊರುಗಳು ಒಂದೊಂದಾಗಿ ಉಸಿರು ಕಟ್ಟಿ ಹೊರಬಿದ್ದವು. ಹಳೆ ಕಾಲದ ಎದುರಾಳಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಮಸ್ಕೀಗನ್ ಎದುರಿನ ಪಂದ್ಯಕ್ಕೆ ಬರುತ್ತಿದ್ದ ಬಿಸಿ ಲಾಂಗ್ ಬೀಚ್ ಎದುರು ಬರುವುದಿಲ್ಲ. ಪಕ್ಕದೂರಿನವರನ್ನು ಸೋಲಿಸುವ ಸುಖವೇ ಬೇರೆ.

1999ರಲ್ಲಿ ಫ್ರಾಂಕಿ ಸೋದರರು ತೆಗೆದುಕೊಂಡ ನಿರ್ಧಾರವೇ ಈ ಪ್ರಕರಣದ ಎರಡನೇ ತಿರುವು. ನನ್ನ ದೃಷ್ಟಿಯಲ್ಲಿ ಇದು 1990ರದಕ್ಕಿಂತ ಕಷ್ಟದ ನಿರ್ಧಾರ. 47 ಸೀಸನ್ ಆಡಿದ ಲೀಗನ್ನು ಬಿಟ್ಟು, ಒಂದು ಮೆಟ್ಟಿಲು ಕೆಳಗಿನ ಯುನೈಟೆಡ್ ಹಾಕಿ ಲೀಗ್ ಸೇರಿದರು. ಮಾನ ಕಡಿಮೆ ಆಯಿತು ಎಂದು ಬೇಸರಪಟ್ಟವರು ಇದ್ದೇ ಇರುತ್ತಾರೆ. ಕೆಳಗಿಳಿಯುವುದು ಯಾರಿಗೂ ಇಷ್ಟ ಇಲ್ಲ. ಆದರೆ ಆ ಲೀಗಿನಲ್ಲಿ ಇದ್ದ ಊರುಗಳನ್ನು ನೋಡಿ: ಮಸ್ಕೀಗನ್, ಪೋರ್ಟ್ ಹ್ಯೂರಾನ್, ಫ್ಲಿಂಟ್. ಮತ್ತೆ ಬಸ್ಸಿನ ದೂರ. ಮತ್ತೆ ಹಳೆ ಪರಿಚಯದ ಊರುಗಳು.

ಎರಡು ವರ್ಷದ ನಂತರ, 2001ರಲ್ಲಿ, ಹಳೆ ಲೀಗ್ ಮುಚ್ಚಿಹೋಯಿತು. ಚಿಕಾಗೊ, ಹ್ಯೂಸ್ಟನ್, ಮಿಲ್ವಾಕಿ, ಗ್ರ್ಯಾಂಡ್ ರ‍್ಯಾಪಿಡ್ಸ್, ಮ್ಯಾನಿಟೋಬಾ, ಯೂಟಾ, ಈ ಆರು ತಂಡಗಳು ಅಮೆರಿಕನ್ ಹಾಕಿ ಲೀಗ್ ಸೇರಿದವು. ಉಳಿದವು ನಿಂತವು. ಕಾಮೆಟ್ಸ್ ಅಲ್ಲಿಯೇ ಇದ್ದಿದ್ದರೆ ಯಾವ ಗುಂಪಿಗೆ ಸೇರುತ್ತಿತ್ತೋ.

ಮೇಲೆದ್ದ ಛಾವಣಿ

ಅದೇ ಹೊತ್ತಿಗೆ ಕೌಂಟಿಯವರೂ ಒಂದು ನಿರ್ಧಾರ ಮಾಡಿದರು. ಐವತ್ತು ವರ್ಷದ ಕಟ್ಟಡ ಚಿಕ್ಕದಾಗಿತ್ತು. ಎಷ್ಟೋ ಊರುಗಳು ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದ ಕಾಲ. ಇವರು ಕೊಲಿಸಿಯಂನ ಛಾವಣಿಯನ್ನು ಇಡಿಯಾಗಿ ಎತ್ತಿದರು. ನಿಜವಾಗಿಯೂ ಎತ್ತಿದರು. 2002ರಲ್ಲಿ ಜ್ಯಾಕ್ ಕೊಟ್ಟು ಛಾವಣಿಯನ್ನು 41 ಅಡಿ ಮೇಲೆ ಏರಿಸಿ, ಅದರ ಕೆಳಗೆ ಹೊಸ ಸಾಲು ಕುರ್ಚಿಗಳನ್ನು ತುಂಬಿಸಿದರು. ಹಾಕಿ ನೋಡಲು 10,000ಕ್ಕೂ ಹೆಚ್ಚು ಜನ ಕೂರುವಂತಾಯಿತು. ಸೈನಿಕರ ನೆನಪಿನ ಕಟ್ಟಡ ಹಾಗೇ ಉಳಿಯಿತು, ತಂಡಕ್ಕೆ ಹೊಸ ಜಾಗ ಹುಡುಕುವ ಗೋಜೂ ಇರಲಿಲ್ಲ.

ಡಿಸೆಂಬರ್ 31ರ ರಾತ್ರಿ ಕಾಮೆಟ್ಸ್ ಊರಲ್ಲೇ ಆಡುವುದು ಹಳೆ ರೂಢಿ. ವರ್ಷದ ಕೊನೆ ರಾತ್ರಿ ಮನೆಮಂದಿಯೆಲ್ಲ ಕೊಲಿಸಿಯಂಗೆ. ಅಜ್ಜನ ಜೊತೆ ಬಂದ ಮಗು ಮುಂದೆ ತನ್ನ ಮಗುವನ್ನು ಕರೆತರುತ್ತದೆ. ಛಾವಣಿ ಎತ್ತಿದ ಮೇಲೆ ಆ ರಾತ್ರಿಗಳಿಗೆ ಇನ್ನೂ ಜಾಸ್ತಿ ಜನ ಹಿಡಿಸಿದರು.

ಕೆಳಗಿನ ಲೀಗಿನಲ್ಲಿ ಕಾಮೆಟ್ಸ್ 2003ರಲ್ಲಿ ಕಲೋನಿಯಲ್ ಕಪ್ ಗೆದ್ದಿತು. ಆಮೇಲೆ ಆ ಲೀಗೂ ಸೊರಗಿತು. 2007ರ ಹೊತ್ತಿಗೆ ಅದರಲ್ಲಿ ಉಳಿದದ್ದು 6 ತಂಡ. ಅದು ಸತ್ತುಹೋದ ಹಳೆ ಲೀಗಿನ ಹೆಸರನ್ನೇ ಇಟ್ಟುಕೊಂಡಿತು: ಇಂಟರ್‌ನ್ಯಾಷನಲ್ ಹಾಕಿ ಲೀಗ್. ಟರ್ನರ್ ಕಪ್ ಹೆಸರೂ ಮರಳಿತು. ಆಲ್ ಸಿಮ್ಸ್ ಕೋಚ್ ಆಗಿ ವಾಪಸ್ ಬಂದರು. ಕಾಲಿನ್ ಚಾಲ್ಕ್ ನಾಯಕ. 2008, 2009, 2010, ಮೂರು ವರ್ಷ ಸಾಲಾಗಿ ಕಪ್ ಇವರದೇ.

2010ರಲ್ಲಿ ಆ ಲೀಗೂ ಮುಗಿಯಿತು. ಕಾಮೆಟ್ಸ್ ಸೆಂಟ್ರಲ್ ಹಾಕಿ ಲೀಗಿಗೆ ಹೋಯಿತು. 2012ರಲ್ಲಿ ಅಲ್ಲೂ ಗೆದ್ದಿತು. ಗೆದ್ದ ಬೆನ್ನಿಗೇ ಅದನ್ನು ಬಿಟ್ಟು ಇಸಿಎಚ್‌ಎಲ್ ಎಂಬ ಇನ್ನೊಂದು ಮೈನರ್ ಲೀಗ್ ಸೇರಿತು. ಸೆಂಟ್ರಲ್ ಲೀಗಿನ ಊರುಗಳು ಟೆಕ್ಸಾಸ್, ಕೊಲರಾಡೊ ಕಡೆಗೆ ಹರಡಿದ್ದವು. ಇಸಿಎಚ್‌ಎಲ್‌ನಲ್ಲಿ ಟೊಲೀಡೊ, ಕಲಮಜೂ, ಸಿನ್ಸಿನಾಟಿ ಇದ್ದವು. ಎರಡು ವರ್ಷದ ನಂತರ, 2014ರಲ್ಲಿ, ಸೆಂಟ್ರಲ್ ಲೀಗ್ ಮುಚ್ಚಿತು.

ಗಮನಿಸಿದಿರಾ? 1999ರಲ್ಲಿ ಬಿಟ್ಟ ಲೀಗ್ 2001ರಲ್ಲಿ ಮುಚ್ಚಿತು. 2012ರಲ್ಲಿ ಬಿಟ್ಟ ಲೀಗ್ 2014ರಲ್ಲಿ ಮುಚ್ಚಿತು. ಎರಡು ಸಲವೂ ಎರಡು ವರ್ಷ ಮುಂಚೆ. ಇದನ್ನು ಸುಮ್ನೆ ಅದೃಷ್ಟ ಅಂದುಬಿಡಲು ನನಗೆ ಮನಸ್ಸಿಲ್ಲ. ಎರಡು ಸಲವೂ ಅವರು ನೋಡಿದ್ದು ಒಂದೇ ವಿಷಯ: ಮುಂದಿನ ಪಂದ್ಯದ ಊರು ಎಷ್ಟು ದೂರ? ಲೀಗಿನ ಹೆಸರು ಎಷ್ಟು ದೊಡ್ಡದು ಎಂದು ನೋಡಲಿಲ್ಲ. ಊರಲ್ಲೇ ಇರುವ ಮಾಲೀಕನಿಗೆ ಇದು ಸಾಧ್ಯ. ಅವನಿಗೆ ತಂಡವನ್ನು ದೊಡ್ಡ ಊರಿಗೆ ಮಾರುವ ಆಸೆ ಇಲ್ಲದಿದ್ದರೆ, ಲೀಗಿನ ಗೌರವಕ್ಕೆ ಅಂಟಿಕೊಳ್ಳುವ ಅಗತ್ಯವೂ ಇಲ್ಲ.

2020ರಲ್ಲಿ ಕೋವಿಡ್ ಬಂದಾಗ ಇಸಿಎಚ್‌ಎಲ್ ಸೀಸನ್ ಅರ್ಧಕ್ಕೆ ನಿಂತಿತು. ಮುಂದಿನ ಸೀಸನ್ನಿಗೆ ಲೀಗಿನ ಸುಮಾರು ಅರ್ಧ ತಂಡಗಳು ಆಡಲಿಲ್ಲ. ಪ್ರೇಕ್ಷಕರನ್ನೇ ನಂಬಿದ ತಂಡಕ್ಕೆ ಖಾಲಿ ಕುರ್ಚಿ ಎದುರು ಆಡುವುದು ಅಂದರೆ ನಷ್ಟ ಕಟ್ಟಿಟ್ಟ ಬುತ್ತಿ. ಕಾಮೆಟ್ಸ್ ತಡವಾಗಿ, 2021ರ ಫೆಬ್ರುವರಿಯಲ್ಲಿ, ಆಡಲು ಇಳಿಯಿತು. ಅದೇ ಜುಲೈ 2ರಂದು ಸೌತ್ ಕ್ಯಾರೊಲಿನಾ ಸ್ಟಿಂಗ್‌ರೇಸ್ ತಂಡವನ್ನು ಸೋಲಿಸಿ ಆ ಲೀಗಿನ ಕೆಲ್ಲಿ ಕಪ್ ಗೆದ್ದಿತು. ಕೋಚ್ ಬೆನ್ ಬೂಡ್ರೊ. ಅವರ ತಂದೆ ಬ್ರೂಸ್ ಬೂಡ್ರೊ ಇದೇ ತಂಡಕ್ಕೆ ಆಡಿದವರು, ಆಮೇಲೆ ಕೋಚ್ ಆಗಿ 1994ರಲ್ಲಿ ಫೈನಲ್‌ವರೆಗೆ ಒಯ್ದು ಅಟ್ಲಾಂಟಾ ಎದುರು ಸೋತವರು. ಅಪ್ಪನಿಗೆ ತಪ್ಪಿದ ಕಪ್ ಮಗನಿಗೆ ಸಿಕ್ಕಿತು.

ಫ್ಲಿಂಟ್

ಈ ಪ್ರಕರಣವನ್ನು ಫೋರ್ಟ್ ವೇನ್ ಕಡೆಯಿಂದ ಮಾತ್ರ ಹೇಳಿದರೆ ಅನ್ಯಾಯ. 1990ರಲ್ಲಿ ಒಂದು ಊರು ತಂಡ ಉಳಿಸಿಕೊಂಡಿತು ಅಂದರೆ, ಇನ್ನೊಂದು ಊರು ಕಳೆದುಕೊಂಡಿತು ಎಂದೇ ಅರ್ಥ.

ಫ್ಲಿಂಟ್ ಜನರಲ್ ಮೋಟರ್ಸ್ ಹುಟ್ಟಿದ ಊರು. 1970ರ ದಶಕದ ಕೊನೆಗೆ ಆ ಕಂಪನಿಯಲ್ಲಿ ಫ್ಲಿಂಟ್ ಸುತ್ತಮುತ್ತ ಸುಮಾರು 80,000 ಜನ ಕೆಲಸಕ್ಕಿದ್ದರು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. ಫೋರ್ಟ್ ವೇನ್‌ಗೆ ಬಿದ್ದ ಹೊಡೆತವೇ, ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ. ಸ್ಪಿರಿಟ್ಸ್ ತಂಡ ಅಲ್ಲಿ 1985ರಿಂದ ಆಡುತ್ತಿತ್ತು. ಬರೀ 5 ಸೀಸನ್. ಬೇರು ಇಳಿಯಲು ಸಮಯವೇ ಸಿಗಲಿಲ್ಲ. ಆ ಊರಿನಲ್ಲಿ ದುಡ್ಡು ಹಾಕುವ ಅಣ್ಣತಮ್ಮಂದಿರು ಮುಂದೆ ಬರಲಿಲ್ಲ. ಫ್ರಾಂಕಿ ಕುಟುಂಬವನ್ನು ನಾನು ದೂರುತ್ತಿಲ್ಲ. ಅವರು ಕೊಳ್ಳದಿದ್ದರೂ ಸ್ಪಿರಿಟ್ಸ್ ಉಳಿಯುತ್ತಿತ್ತು ಎಂದು ಹೇಳಲಾಗದು. ಆದರೂ ಫೋರ್ಟ್ ವೇನ್‌ನ ಗೋಡೆಯ ಮೇಲೆ 1993ರ ಬಾವುಟ ನೋಡುವಾಗ ಅದರ ಒಂದು ಎಳೆ ಫ್ಲಿಂಟ್‌ನದು ಎಂದು ನೆನಪಿರಬೇಕು.

ಫ್ಲಿಂಟ್ ಸುಮ್ಮನೆ ಕೂರಲಿಲ್ಲ. 1991ರಲ್ಲಿ ಇನ್ನೂ ಕೆಳಗಿನ ಲೀಗಿನ ಬುಲ್‌ಡಾಗ್ಸ್ ಎಂಬ ತಂಡ ಬಂತು. ಅದು ಹೋದ ಮೇಲೆ 1993ರಲ್ಲಿ ಜನರಲ್ಸ್. ಈ ತಂಡ ನಿಂತಿತು. 1999ರಲ್ಲಿ ಕಾಮೆಟ್ಸ್ ಕೆಳಗಿಳಿದು ಬಂದದ್ದು ಜನರಲ್ಸ್ ಇದ್ದ ಲೀಗಿಗೇ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎರಡೂ ಊರು ಒಂದೇ ಲೀಗಿನಲ್ಲಿ ಎದುರುಬದುರು ಆಡಿದವು.

2010ರ ಟರ್ನರ್ ಕಪ್ ಫೈನಲ್‌ಗೆ ಬಂದ ಎರಡು ತಂಡಗಳು ಫೋರ್ಟ್ ವೇನ್ ಮತ್ತು ಫ್ಲಿಂಟ್. ಫ್ಲಿಂಟ್‌ನ ಹಕ್ಕುಪತ್ರ ಫೋರ್ಟ್ ವೇನ್‌ಗೆ ಹೋಗಿ ಸರಿಯಾಗಿ 20 ವರ್ಷ. ಕಾಮೆಟ್ಸ್ ಗೆದ್ದಿತು. ಆ ಬೇಸಿಗೆಯಲ್ಲಿ ಲೀಗ್ ಮುಚ್ಚಿದಾಗ ಕಾಮೆಟ್ಸ್‌ಗೆ ಹೋಗಲು ಬೇರೆ ಲೀಗಿತ್ತು. ಜನರಲ್ಸ್ ಅಲ್ಲಿಗೇ ನಿಂತಿತು.

ಫ್ಲಿಂಟ್‌ನ ಮಂಜಿನ ಅಂಗಳಕ್ಕೆ ಮತ್ತೆ ದೊಡ್ಡ ತಂಡ ಬಂದದ್ದು 2015ರಲ್ಲಿ. ಹದಿಹರೆಯದ ಹುಡುಗರು ಆಡುವ ಜೂನಿಯರ್ ಲೀಗಿನ ತಂಡ, ಹೆಸರು ಫೈರ್‌ಬರ್ಡ್ಸ್. ಅದನ್ನು ಕೊಂಡು ತಂದದ್ದು ಅದೇ ಮಿಷಿಗನ್‌ನ ಪ್ಲಿಮತ್ ಎಂಬ ಊರಿನಿಂದ. ಫ್ಲಿಂಟ್‌ನಿಂದ ಅದು ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ.